ಕೊನೆಯ ಹೆಸರು

ದುರ್ಗಿಗುಡಿ ಎರಡನೇ ಕ್ರಾಸಿನಲ್ಲಿ ನನ್ನ ಅಂಗಡಿ,
ಕೆಳಗೆ ಮೊಬೈಲ್ ರಿಪೇರಿ, ಮೇಲೆ ನಾನು.
ಥೀಸಿಸ್ ಬರೆಯುವುದು ನನಗೆ ಗೊತ್ತಿಲ್ಲ,
ಕಟ್ಟುವುದು ಗೊತ್ತು.
ಪುಟಕ್ಕೆ ಹನ್ನೆರಡು, ಕೋಷ್ಟಕವಿದ್ದರೆ ಇಪ್ಪತ್ತು,
ಕೊನೆಯ ಗ್ರಂಥಋಣಕ್ಕೆ
ಒಂದೊಂದಕ್ಕೂ ಎರಡು ರೂಪಾಯಿ.
ಇಷ್ಟು ಅಗ್ಗಕ್ಕೆ ಋಣ ತೀರಿಸಿಕೊಡುವವರು
ಈ ಊರಲ್ಲಿ ಬೇರೆ ಯಾರೂ ಇಲ್ಲ.

ಶಂಕರಘಟ್ಟದ ಬಸ್ಸಿಳಿದು ಶಶಿರೇಖಾ ಬಂದಳು.
ಪೆನ್‌ಡ್ರೈವಿನಲ್ಲಿ ಐದು ವರ್ಷದ ಪಾಚಿ,
ಭದ್ರೆಯ ಹಿನ್ನೀರಿನದು.
ಗೈಡು ನಿನ್ನೆ ರಾತ್ರಿ ಫೋನು ಮಾಡಿದರಂತೆ:
ಅಂಕಿ ಬೇಡ, ಹೆಸರು ಬೇಕು.
ಅಯ್ಯೋ ಮೇಡಂ, ನೂರ ಎಂಬತ್ತಮೂರು ಇವೆ, ಅಂದಳು.

ಶೈಲಿ ಬದಲಿಸಿ ಒಮ್ಮೆ ಒತ್ತಿದೆ.
ಒಂದು, ಎರಡು, ಹದಿನೇಳು ಎಂದು ಮುದುರಿ ಕೂತಿದ್ದವೆಲ್ಲ
ಎದ್ದು ನಿಂತು ಮನುಷ್ಯರಾದವು,
ಸಂತೆಯಲ್ಲಿ ಜಾಗ ಹಿಡಿಯುವವರ ಹಾಗೆ
ಒಬ್ಬರನ್ನೊಬ್ಬರು ತಳ್ಳಿಕೊಂಡು
ಅಕಾರಾದಿಯಲ್ಲಿ ಕೂತರು.
ಪತ್ರಿಕೆಯ ಹೆಸರು ಓರೆಯಾಯಿತು, ಸಂಪುಟ ದಪ್ಪಗಾಯಿತು,
ನಾಲ್ಕನೆಯವನಿಂದ ಆಚೆಗೆ ಎಲ್ಲರೂ
ಮತ್ತಿತರರು.

ಒಂದು ಕಡೆ ಅಲ್ಪವಿರಾಮ ಎರಡಾಗಿತ್ತು.
ಅವಳು ಕೈಯಲ್ಲೇ ಅಳಿಸಿದಳು. ರಿಫ್ರೆಶ್ ಮಾಡಿದೆ, ಮತ್ತೆ ಬಂತು.
ಮತ್ತೆ ಅಳಿಸಿದಳು.
ಮೇಲೆ ಒರೆಸಿದರೆ ಹೋಗಲ್ಲಮ್ಮ, ಅಂದೆ,
ತಪ್ಪು ಒಳಗೆ, ಕಡತದಲ್ಲಿದೆ,
ಅಲ್ಲಿಗೆ ಇಳಿದು ತಿದ್ದಬೇಕು.

ಇಳಿದೆವು. ಅಲ್ಲಿ ಅವಳೇ ಸಿಕ್ಕಿದಳು,
ಮೂರು ಕಡೆ, ಮೂರು ಜನ.
ಮೊದಲ ಲೇಖನದಲ್ಲಿ ಶಶಿರೇಖಾ, ಜಿ.
ಎರಡನೆಯದರಲ್ಲಿ ಬರೀ ಜಿ, ಎಸ್.
ಮೂರನೆಯದರಲ್ಲಿ
ಗುತ್ಯಪ್ಪ, ಎಸ್.

ಕೊನೆಯ ಹೆಸರು ಎಂದು ಒಂದು ಚೌಕ ಇರುತ್ತದೆ,
ಅದನ್ನು ಖಾಲಿ ಬಿಡಲು ಬರುವುದಿಲ್ಲ.
ನಮ್ಮ ಕಡೆ ಕೊನೆಗೆ ಏನಿರುತ್ತದೆ?
ಒಂದು ಅಕ್ಷರ, ಒಂದು ಚುಕ್ಕೆ.
ಅಪ್ಪನದೋ ಊರಿನದೋ ಕೇಳಿದರೆ ತಿಳಿಯಬೇಕು.
ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪ, ಆಧಾರಿನಲ್ಲಿ ಗಂಡ,
ಇಬ್ಬರೂ ಒಬ್ಬಳೇ ಎನ್ನಲು
ಬ್ಯಾಂಕಿನವರು ಅಫಿಡವಿಟ್ ಕೇಳಿದ್ದರು.
ಇಲ್ಲಿ ಒಂದೇ ಗುಂಡಿ: ಕೂಡಿಸಲೇ?
ಯಾವುದನ್ನು ಉಳಿಸಲಿ, ಕೇಳಿದೆ.

ಅವಳು ಬಹಳ ಹೊತ್ತು ಪರದೆ ನೋಡಿದಳು.
ಅಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದರು,
ಇಪ್ಪತ್ತಾರು ವರ್ಷ, ಮುಚ್ಚುವವರೆಗೆ.
ಸಂಬಳದ ಪುಸ್ತಕ ಬಿಟ್ಟರೆ
ಬೇರೆಲ್ಲೂ ಅವರ ಹೆಸರು ಅಚ್ಚಾಗಿಲ್ಲ, ಅಂದಳು.
ಮತ್ತೆ ತಾನೇ ನಕ್ಕಳು:
ಆ ಪತ್ರಿಕೆಯೂ ಈಗ ಅಚ್ಚಾಗಲ್ಲ ಮೇಡಂ,
ಬರೀ ಆನ್‌ಲೈನು.

ನಾನು ಏನೂ ಹೇಳಲಿಲ್ಲ. ಕರೆಂಟು ಹೋಯಿತು.

ಗುರುವಾರ ಪ್ರಿಂಟಿಗೆ ಅಪ್ಪನನ್ನೂ ಕರೆತಂದಳು.
ಐದು ಪ್ರತಿ. ಮೆಷಿನ್ನು ಹತ್ತು ಪುಟಕ್ಕೊಮ್ಮೆ ಕಚ್ಚಿಕೊಳ್ಳುತ್ತಿತ್ತು,
ನಾನು ಬಾಗಿಲು ತೆಗೆದು ಎಳೆದು ಶಪಿಸುತ್ತಿದ್ದೆ.
ಗುತ್ಯಪ್ಪ ಸ್ಟೂಲಿನಿಂದ ಎದ್ದರು.
ಒಂದು ಹಾಳೆ ತೆಗೆದು ಹೆಬ್ಬೆರಳಲ್ಲಿ ತಿಕ್ಕಿದರು,
ಕಿವಿಯ ಹತ್ತಿರ ತಂದು ಕೊಡವಿದರು,
ಟ್ಯೂಬ್‌ಲೈಟಿಗೆ ಹಿಡಿದರು.
ಎಪ್ಪತ್ತು ಗ್ರಾಮಿನದು. ನಮ್ಮದಲ್ಲ.
ಶೀತ ಹಿಡಿದಿದೆ, ಮೇಲಕ್ಕೆ ಬಾಗಿದೆ ನೋಡಿ,
ಮಗುಚಿ ಹಾಕಿ.

ಮಗುಚಿ ಹಾಕಿದೆ.
ಮುನ್ನುಡಿಯಿಂದ ಹಿಡಿದು ಒಂದೂ ಕಚ್ಚಲಿಲ್ಲ.

ಗ್ರಂಥಋಣದ ಪುಟ ಬಿಸಿಬಿಸಿಯಾಗಿ ಹೊರಬಂದಾಗ
ಅವಳು ಬೆರಳಿಟ್ಟು ತೋರಿಸಿದಳು,
ಗ ಅಕ್ಷರದ ಕೆಳಗೆ, ಒಂದರ ಕೆಳಗೊಂದು ಮೂರು ಸಲ.
ಅವರು ಕನ್ನಡಕ ತಂದಿರಲಿಲ್ಲ.
ಹಾಳೆಯ ಅಂಚು ಸವರಿ,
ಕಟಿಂಗ್ ಚೆನ್ನಾಗಿದೆ, ಅಂದರು.